ಒಂದು ತುಂಡು ಕಾಗದದ ಮೇಲಿನ ನಂಬಿಕೆ

ರೊಕ್ಕದ ಗಂಟು ಹೊತ್ತು ದೂರದ ಊರಿಗೆ ಹೊರಡುವುದೆಂದರೆ ಮೊಘಲರ ಕಾಲದ ವ್ಯಾಪಾರಿಗೆ ಪ್ರಾಣಕ್ಕೇ ಸಂಚಕಾರ. ಅದಕ್ಕಾಗಿ ಆತ ಆಗ್ರಾದ ಸರಾಫನ, ಅಂದರೆ ಲೇವಾದೇವಿಗಾರನ ಬಳಿ ಹಣ ಕಟ್ಟಿ ಹುಂಡಿ ಎಂಬ ಚೀಟಿ ಬರೆಸಿಕೊಳ್ಳುತ್ತಿದ್ದ. ಸೂರತ್‌ನಲ್ಲಿ ಆ ಚೀಟಿ ತೋರಿಸಿದರೆ ಅಲ್ಲಿನ ಸರಾಫ ಹಣ ಎಣಿಸಿ ಕೊಡುತ್ತಿದ್ದ.

ಕಂಡಕೂಡಲೇ ಹಣ ಸಿಗುವುದು ದರ್ಶನಿ ಹುಂಡಿ, ವಾಯಿದೆ ತುಂಬಿದ ಮೇಲೆ ಸಿಗುವುದು ಮುದ್ದತಿ ಹುಂಡಿ. 17ನೇ ಶತಮಾನದಲ್ಲಿ ಇಲ್ಲಿ ಸುತ್ತಾಡಿದ ಫ್ರೆಂಚ್ ವರ್ತಕ ತಾವೆರ್ನಿಯೆ, ಸರಾಫನಿಲ್ಲದ ಹಳ್ಳಿ ಸಿಗಬೇಕಾದರೆ ಅದು ತೀರಾ ಚಿಕ್ಕದಾಗಿರಬೇಕು ಎಂಬರ್ಥದಲ್ಲಿ ಬರೆದಿದ್ದಾನೆ.

ಹಾಗೆಂದು ಇದು ಕಣ್ಣುಮುಚ್ಚಿದ ನಂಬಿಕೆಯಲ್ಲ. 1000 ರೂಪಾಯಿಯ ಹುಂಡಿಯಾದರೆ, ಅದರ ಅರ್ಧ 500, ಅದರ ದುಪ್ಪಟ್ಟು ಪೂರಾ 1000 ಎಂದು ಬಿಡಿಸಿ ಬರೆಯುತ್ತಿದ್ದರು. ಒಂದು ಸೊನ್ನೆ ಹೆಚ್ಚು ಸೇರಿಸಲು ಹೊರಟವನು ಅಲ್ಲೇ ಸಿಕ್ಕಿಬೀಳಬೇಕು. ಹುಂಡಿ ಕಳೆದುಹೋದರೆ ‘ಪೇಂಠ್’ ಎಂಬ ಎರಡನೇ ಪ್ರತಿ, ಅದೂ ಕಳೆದರೆ ‘ಪರ್‌ಪೇಂಠ್’. ಶಾಹ್‌ಜೋಗ್ ಹುಂಡಿಯ ಹಣ ಸಿಗುತ್ತಿದ್ದುದು ಪೇಟೆಯಲ್ಲಿ ಮರ್ಯಾದಸ್ಥ ಎನಿಸಿಕೊಂಡವನಿಗೆ ಮಾತ್ರ. ಹಣ ಕೊಡಬೇಕಾದವನು ನಿರಾಕರಿಸಿಬಿಟ್ಟರೆ? ಆ ಊರಿನ ಇನ್ನೊಬ್ಬ ಸಾಹುಕಾರನ ಹೆಸರಿಗೆ ‘ಜಿಕ್ರಿ ಚೀಟಿ’ ಮೊದಲೇ ಜೊತೆಗಿರುತ್ತಿತ್ತು.

ಮನುಷ್ಯರ ಮೇಲೆ ಭರವಸೆಯಿಡುತ್ತಲೇ ಮೋಸದ ದಾರಿಯನ್ನೂ ಮುಚ್ಚಿದ ಈ ಜಾಣತನ ನಿಜಕ್ಕೂ ಮೆಚ್ಚತಕ್ಕದ್ದು. ಮಾತು ತಪ್ಪಿದವನ ಸುದ್ದಿ ಪೇಟೆಯಿಂದ ಪೇಟೆಗೆ ಹರಡುತ್ತಿತ್ತು. ಆಮೇಲೆ ಅವನ ಹುಂಡಿಯನ್ನು ಮುಟ್ಟುವವರಿಲ್ಲ.

ಬ್ರಿಟಿಷರು ಕೂಡ ಈ ಕಟ್ಟುಪಾಡನ್ನು ಅಳಿಸಿಹಾಕಲಿಲ್ಲ. ಇಂದು ಚೆಕ್ ಬೌನ್ಸ್ ಪ್ರಕರಣಗಳಿಂದ ಎಲ್ಲರಿಗೂ ಪರಿಚಿತವಾಗಿರುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಮೊದಲ ಕಲಮಿನಲ್ಲೇ, ದೇಶೀ ಭಾಷೆಗಳ ಹುಂಡಿಗಳಿಗೆ ಸ್ಥಳೀಯ ರೂಢಿ ಊರ್ಜಿತವಾಗಿ ಉಳಿಯಿತು.