ಬ್ಲಿಸ್

ನ್ಯೂಜಿಲೆಂಡಿನ ವೆಲಿಂಗ್‌ಟನ್ನಿನಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ನೆಲೆಸಿದ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡಳ (1888-1923) ಪ್ರಖ್ಯಾತ ಸಣ್ಣಕತೆ. ಕ್ಷಯಪೀಡಿತಳಾದ ಲೇಖಕಿ 1918ರ ಆದಿಭಾಗದಲ್ಲಿ ದಕ್ಷಿಣ ಫ್ರಾನ್ಸಿನ ಬಾಂದೋಲ್ ಎಂಬ ಕಡಲತಡಿಯ ಊರಿನಲ್ಲಿ ತಂಗಿದ್ದಾಗ ಇದನ್ನು ರಚಿಸಿದಳು. ಅದೇ ವರ್ಷದ ಆಗಸ್ಟಿನಲ್ಲಿ ಇಂಗ್ಲಿಷ್ ರಿವ್ಯೂ ಪತ್ರಿಕೆಯಲ್ಲಿ ಅಚ್ಚಾದ ಈ ಕತೆ 1920ರಲ್ಲಿ ಹೊರಬಂದ ಆಕೆಯ ಎರಡನೆಯ ಸಂಕಲನಕ್ಕೆ ಹೆಸರನ್ನೂ ಇತ್ತಿತು.

ಕಥಾನಾಯಿಕೆ ಬರ್ತಾ ಯಂಗ್ ಲಂಡನ್ನಿನ ಅನುಕೂಲಸ್ಥ ಗೃಹಿಣಿ, ವಯಸ್ಸು ಮೂವತ್ತು. ಕಾರಣವೇ ತಿಳಿಯದ ಹರ್ಷವೊಂದು ಮೈದುಂಬಿ ಬಂದ ದಿನ, ಅವಳು ಮನೆಗೆ ಬಂದು, ಜಮಖಾನೆಯ ಬಣ್ಣಕ್ಕೆ ಒಪ್ಪಲೆಂದೇ ಕೊಂಡು ತಂದ ನೇರಳೆ ದ್ರಾಕ್ಷಿಯನ್ನು ಇತರ ಹಣ್ಣುಗಳೊಡನೆ ಜೋಡಿಸಿ, ದಾದಿಯ ವಶದಲ್ಲಿರುವ ಸ್ವಂತ ಮಗುವನ್ನು ಬೇಡಿ ಪಡೆದು ಕ್ಷಣಕಾಲ ಮುದ್ದಾಡಿ, ರಾತ್ರಿಯ ಔತಣಕ್ಕೆ ಅತಿಥಿಗಳನ್ನು ಎದುರುನೋಡುತ್ತಾಳೆ. ಅವರಲ್ಲೊಬ್ಬಳು ಪರ್ಲ್ ಫುಲ್ಟನ್. ಏನೋ ಒಂದು ನಿಗೂಢತೆಯುಳ್ಳ ಸುಂದರಿಯರಲ್ಲಿ ಬರ್ತಾ ಅನುರಕ್ತಳಾಗುವುದು ವಾಡಿಕೆಯೆಂದು ಕತೆಯೇ ಹೇಳುತ್ತದೆ. ಊಟವಾದ ಮೇಲೆ ಇಬ್ಬರೂ ಕಿಟಕಿಯ ಬಳಿ ನಿಂತು, ಬೆಳದಿಂಗಳಿನಲ್ಲಿ ಹೂಬಿಟ್ಟ ಪೇರ್ ಮರವನ್ನು ಮೌನವಾಗಿ ನೋಡುತ್ತಾರೆ. ತುಸು ಹೊತ್ತಿನಲ್ಲಿ ಬರ್ತಾಳಿಗೆ ಜೀವನದಲ್ಲಿ ಮೊದಲ ಬಾರಿಗೆ ಗಂಡ ಹ್ಯಾರಿಯ ಮೇಲೆ ಆಸೆ ಹುಟ್ಟುತ್ತದೆ. ಆದರೆ ಅತಿಥಿಗಳು ಹೊರಡುವ ವೇಳೆಗೆ ಅವಳ ಕಣ್ಣಿಗೆ ಬೀಳುವುದು ಪರ್ಲಳನ್ನು ತನ್ನತ್ತ ಸೆಳೆದುಕೊಳ್ಳುತ್ತಿರುವ ಹ್ಯಾರಿ.

ಬರ್ತಾಳ ಈ ಕಾಮನೆ ನಿಜವಾಗಿ ಯಾರನ್ನು ಕುರಿತದ್ದೆಂಬುದೇ ವಿಮರ್ಶಕರ ಮುಖ್ಯ ವಿವಾದ. ದಾಂಪತ್ಯದಲ್ಲಿ ತಾನು ತಣ್ಣಗಿರುವೆನೆಂದು ಹಿಂದೆ ಚಿಂತಿಸಿ, ಆಮೇಲೆ ಆ ಚಿಂತೆಯನ್ನೂ ಬಿಟ್ಟ ಸ್ತ್ರೀಯ ತಡವಾದ ಜಾಗೃತಿಯನ್ನು ಕೆಲವರು ಇಲ್ಲಿ ಕಂಡಿದ್ದಾರೆ. ಪರ್ಲಳ ಮೇಲಿನ ಅನುರಾಗವು ತನ್ನನ್ನು ತಾನು ಗುರುತಿಸಿಕೊಳ್ಳಲಾರದೆ, ಸಮಾಜಸಮ್ಮತನಾದ ಪತಿಯ ಕಡೆಗೆ ತಿರುಗಿತೆಂಬುದು ಇತರರ ವಾದ. ಪೇರ್ ಮರದ ಅರ್ಥವೂ ಇದೇ ರೀತಿ ಇಬ್ಬಗೆಯದು: ಬಿಳಿಯ ಉಡುಪು, ಹಸಿರು ಮಣಿಸರ, ಹಸಿರು ಪಾದರಕ್ಷೆ ತೊಟ್ಟ ಬರ್ತಾ ಆ ಮರವನ್ನು ಹೋಲುತ್ತಾಳೆ, ಬೆಳ್ಳಿಯ ಬಣ್ಣದ ಉಡುಪಿನ ಪರ್ಲ್ ಅದರ ಮೇಲೆ ಸುರಿಯುವ ಚಂದ್ರಿಕೆಯನ್ನು ಹೋಲುತ್ತಾಳೆ, ಆದರೂ ನೆಟ್ಟಗೆ ಮೇಲೇರುವ ಅದರ ಆಕಾರದಲ್ಲಿ ಪುರುಷಸಂಕೇತವನ್ನು ಕಂಡವರೂ ಉಂಟು.

ಸಂದಿಗ್ಧತೆಯ ಮೂಲವಿರುವುದು ನಿರೂಪಣೆಯ ಕ್ರಮದಲ್ಲಿ. ಕತೆ ಬರ್ತಾಳ ಮನಸ್ಸನ್ನು ಬಿಟ್ಟು ಎಲ್ಲಿಯೂ ಹೊರಬರುವುದಿಲ್ಲ. ಹ್ಯಾರಿಗೆ ಪರ್ಲಳನ್ನು ಕಂಡರಾಗದೆಂದು ಅವಳು ನಂಬಿದ್ದುದು ಸುಳ್ಳಾಗುತ್ತದೆ. ಕಿಟಕಿಯ ಬಳಿಯ ಮೌನದಲ್ಲಿ ಪರ್ಲ್ ತನ್ನೊಡನೆ ಏಕಭಾವಳಾದಳೆಂಬುದೂ ಅವಳ ಊಹೆಯೇ. ಕೊನೆಗೆ ಹ್ಯಾರಿಯ ಪ್ರೇಮವಚನವನ್ನು ಕೂಡ ಅವಳು ದೂರದಿಂದ, ತುಟಿಗಳ ಚಲನೆಯಲ್ಲಿ ಓದಿಕೊಳ್ಳುತ್ತಾಳೆ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ವಾಚ್ಯವು (ನೇರವಾಗಿ ಹೇಳಿದ ಅರ್ಥ) ಬರ್ತಾಳದು, ವ್ಯಂಗ್ಯವು (ಧ್ವನಿತವಾದ ಅರ್ಥ) ಲೇಖಕಿಯದು.

ವರ್ಜೀನಿಯಾ ವುಲ್ಫ್ ಈ ಕತೆಯನ್ನು ಓದಿ ತೀವ್ರ ಅತೃಪ್ತಿಯನ್ನು ತನ್ನ ದಿನಚರಿಯಲ್ಲಿ ದಾಖಲಿಸಿದಳು. ಟಿ. ಎಸ್. ಎಲಿಯಟ್ 1933ರಲ್ಲಿ ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ನೀಡಿ, ಮರುವರ್ಷ ಗ್ರಂಥರೂಪದಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ, ಪರಿಮಿತ ವಸ್ತುವನ್ನು ಕುಶಲವಾಗಿ ನಿರ್ವಹಿಸಿದ ಕೃತಿಯೆಂದು ಮೆಚ್ಚಿದರೂ, ನೈತಿಕ ಪರಿಣಾಮಗಳು ಅದರ ವ್ಯಾಪ್ತಿಗೆ ಹೊರಗೆ ಉಳಿದುವೆಂದು ಅಭಿಪ್ರಾಯಪಟ್ಟನು. ಮ್ಯಾನ್ಸ್‌ಫೀಲ್ಡ್ ತಾರುಣ್ಯದಲ್ಲಿ ಸ್ತ್ರೀಯರ ಮೇಲೆ ಗಾಢ ಅನುರಾಗ ತಳೆದಿದ್ದುದು ಆಕೆಯ ಬರಹಗಳಿಂದ ತಿಳಿದುಬರುವುದರಿಂದ, ಈಚಿನ ವಿಮರ್ಶೆ ಪರ್ಲಳ ಮೇಲಿನ ಅನುರಾಗವೆಂಬ ಎರಡನೆಯ ವಾದದ ಕಡೆಗೆ ಹೆಚ್ಚಾಗಿ ಒಲಿದಿದೆ. ಆದರೆ ಜೀವನಚರಿತ್ರೆಯಿಂದ ಕತೆಗೆ ತೀರ್ಪು ದೊರೆಯಲಾರದು. ಬರ್ತಾಳಿಗೇ ಅರಿವಾಗದ ಅವಳ ಬಯಕೆಗೆ ಓದುಗನು ಒಂದೇ ಹೆಸರನ್ನಿಟ್ಟರೆ, ಅವಳು ಮಾಡಿದ ತಪ್ಪನ್ನೇ ಅವನೂ ಮಾಡಿದಂತಾಗುತ್ತದೆ.