ಗಾಂಜಾ ಗಿಡದಲ್ಲಿ ದ್ವಿಲಿಂಗತೆ

ಗಾಂಜಾ ಗಿಡದಲ್ಲಿ (ಕ್ಯಾನಬಿಸ್ ಸಟೈವಾ) ಗಂಡು ಹೂ ಬಿಡುವ ಗಿಡ ಬೇರೆ, ಹೆಣ್ಣು ಹೂ ಬಿಡುವ ಗಿಡ ಬೇರೆ. ಆದರೆ ಹೆಣ್ಣೆಂದು ಗುರುತಿಸಿದ್ದ ಗಿಡವೇ ಹೂವಿನ ಕಾಲದಲ್ಲಿ ಗೆಣ್ಣುಗಳಲ್ಲಿ ಗಂಡು ಮೊಗ್ಗುಗಳನ್ನೋ, ಹೆಣ್ಣು ಹೂಗೊಂಚಲಿನ ನಡುವೆ ಪರಾಗಕೋಶಗಳನ್ನೋ ತಳೆಯುವುದುಂಟು. ಇದಕ್ಕೆ ದ್ವಿಲಿಂಗತೆ ಎಂದು ಹೆಸರು. ಕೃತಕ ಬೆಳಕಿನ ಕೋಣೆಗಳಲ್ಲಿ ಔಷಧೀಯ ಗಾಂಜಾ ಬೆಳೆಯುವವರು ಇದಕ್ಕೆ ಹೆದರುತ್ತಾರೆ. ಯುರೋಪಿನಲ್ಲಿ ನಾರಿಗಾಗಿ ಬೆಳೆಯುವವರು ಇದೇ ಗುಣವನ್ನು ಆರಿಸಿ, ದಶಕಗಳ ಕಾಲ ಪೋಷಿಸಿ, ತಳಿಗಳನ್ನೇ ರೂಪಿಸಿದ್ದಾರೆ. ಇದನ್ನು ರೋಗವೆಂದು ಕರೆಯುವ ರೂಢಿ ಸರಿಯಲ್ಲ. ರೋಗಾಣುವಿನಿಂದ ಬರುವಂಥದ್ದು ಇದಲ್ಲ, ಒಂದು ಗಿಡದಿಂದ ಇನ್ನೊಂದಕ್ಕೆ ಅಂಟುವುದೂ ಇಲ್ಲ. ಗಿಡದ ವಂಶದಲ್ಲೇ ಇರುವ ಸಾಮರ್ಥ್ಯ ಇದು. ಸನ್ನಿವೇಶ ಅದನ್ನು ಹೊರಗೆ ತರುತ್ತದೆ, ಅಷ್ಟೆ.

ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ. ನಾರು, ಬೀಜಗಳಿಗಾಗಿ ಬೆಳೆಯಲು ಅನುಮತಿ ನೀಡುವ ಅವಕಾಶ ಅದೇ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿದೆ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಒಳಾಂಗಣ ಬೆಳೆಯ ಕುರಿತು ಈ ಲೇಖನದಲ್ಲಿ ಬರುವ ವಿವರಗಳು ಅಲ್ಲಿಯಂಥ ಪರವಾನಗಿ ಪಡೆದ ಬೆಳೆಗೆ ಸಂಬಂಧಿಸಿದವು.

ಹೂವಿನ ರಚನೆ

ಗಂಡು ಹೂ ಚಿಕ್ಕ ತೊಟ್ಟಿನಲ್ಲಿ ಜೋತುಬೀಳುತ್ತದೆ. ಹಸಿರು ಮಿಶ್ರಿತ ಬಿಳಿ ಎಸಳು ಐದು, ಕೇಸರ ಐದು. ಎಸಳು ಬಿರಿದಾಗ ಕೇಸರಗಳ ತುದಿಯ ಪರಾಗಕೋಶಗಳು ಗಾಳಿಗೆ ಅಲುಗಾಡಿ ಹಳದಿ ಪುಡಿ ಉದುರಿಸುತ್ತವೆ. ಜೇನು, ದುಂಬಿಗಳ ಹಂಗು ಈ ಗಿಡಕ್ಕಿಲ್ಲ, ಪರಾಗವನ್ನು ಹೊತ್ತೊಯ್ಯುವುದು ಗಾಳಿಯೇ. ಹೆಣ್ಣು ಹೂವಿಗೆ ಇಂಥ ತೋರಿಕೆ ಏನೂ ಇಲ್ಲ. ಅಂಡಾಶಯವನ್ನು ಒಂದು ಹಸಿರು ಪುಷ್ಪಪತ್ರ ಬಿಗಿಯಾಗಿ ಸುತ್ತಿರುತ್ತದೆ, ಅದರ ಬಾಯಿಯಿಂದ ಎರಡು ಬಿಳಿ ಶಲಾಕಾಗ್ರಗಳು ಹೊರಚಾಚಿರುತ್ತವೆ. ಪುಷ್ಪಪತ್ರದ ಮೈಮೇಲೆಲ್ಲ ರಾಳಗ್ರಂಥಿಗಳು. ಟಿಎಚ್‌ಸಿ, ಸಿಬಿಡಿ ಮೊದಲಾದ ರಾಸಾಯನಿಕಗಳು ಹೆಚ್ಚಾಗಿ ತಯಾರಾಗುವುದು ಇಲ್ಲಿಯೇ. ಪರಾಗ ತಾಕಿದ ಹೂ ಬೀಜ ಕಟ್ಟುವುದಕ್ಕೆ ತೊಡಗುತ್ತದೆ, ಶಲಾಕಾಗ್ರಗಳು ಬಾಡಿ ಕಂದಾಗುತ್ತವೆ, ಹೊಸ ಹೂ ಬರುವುದು ತಗ್ಗುತ್ತದೆ. ಪರಾಗ ತಾಕದೆ ಉಳಿದ ಗೊಂಚಲು ಮಾತ್ರ ಹೂವಿನ ಮೇಲೆ ಹೂ ಬಿಡುತ್ತ, ರಾಳ ತುಂಬಿಕೊಳ್ಳುತ್ತ ಹೋಗುತ್ತದೆ. ಬೆಳೆಗಾರರು ಗಂಡು ಗಿಡವನ್ನು ಹತ್ತಿರ ಸೇರಿಸದಿರುವುದು ಈ ಕಾರಣಕ್ಕೆ.

ಗಿಡದ ಪ್ರತಿ ಜೀವಕೋಶದಲ್ಲಿ 20 ವರ್ಣತಂತುಗಳಿರುತ್ತವೆ. ಹೆಣ್ಣು ಗಿಡದ್ದು ಎಕ್ಸ್‌ಎಕ್ಸ್ ಜೋಡಿ, ಗಂಡಿನದು ಎಕ್ಸ್‌ವೈ. ಆದರೆ ವರ್ಣತಂತುಗಳ ಮಾತೇ ಕೊನೆಯಲ್ಲ. ಎಕ್ಸ್‌ಎಕ್ಸ್ ಗಿಡವೂ ಜೀವಂತ ಪರಾಗ ಕೊಡಬಲ್ಲದು, ಎಕ್ಸ್‌ವೈ ಗಿಡವೂ ಹೆಣ್ಣು ಹೂ ತಳೆಯಬಲ್ಲದು. ನಮ್ಮ ಪಪ್ಪಾಯಿ ಬೆಳೆಗಾರರಿಗೆ ಗಂಡು, ಹೆಣ್ಣು, ದ್ವಿಲಿಂಗಿ ಎಂಬ ಮೂರು ಬಗೆಯ ಗಿಡಗಳು ಪರಿಚಿತ; ಅಲ್ಲಿ ದ್ವಿಲಿಂಗಿ ಗಿಡದ ಹಣ್ಣಿಗೇ ಮಾರುಕಟ್ಟೆಯಲ್ಲಿ ಬೇಡಿಕೆ. ಗಾಂಜಾದಲ್ಲಿ ಹಾಗೆ ಸ್ಥಿರವಾದ ಮೂರನೆಯ ಬಗೆ ಸಹಜವಾಗಿ ಇಲ್ಲ, ಎರಡರ ನಡುವೆ ಜಾರುವ ಗಿಡಗಳಿವೆ.

ಈ ಜಾರುವಿಕೆ ಎರಡು ರೂಪದಲ್ಲಿ ಕಾಣಿಸುತ್ತದೆ. ಒಂದರಲ್ಲಿ, ಹೆಣ್ಣು ಗಿಡದ ಕೆಳಗಿನ ಗೆಣ್ಣುಗಳಲ್ಲಿ ಎಸಳು, ತೊಟ್ಟು ಎಲ್ಲ ಇರುವ ಪೂರ್ಣ ಗಂಡು ಮೊಗ್ಗುಗಳು ಬರುತ್ತವೆ. ಸಣ್ಣ ಉಂಡೆಯಂತಿದ್ದು ಬಿಳಿ ಎಳೆಗಳಿಲ್ಲದಿರುವುದರಿಂದ ಇವನ್ನು ಗುರುತಿಸುವುದು ಸುಲಭ. ಇನ್ನೊಂದು ಹೆಚ್ಚು ವಂಚಕ ರೂಪ. ಎಸಳಿನ ಹೊದಿಕೆಯೇ ಇಲ್ಲದ ಬರಿಯ ಪರಾಗಕೋಶಗಳು ಗೊಂಚಲಿನ ಸಂದಿಯಿಂದ ನೇರವಾಗಿ ಹೊರಬರುತ್ತವೆ. ಹಳದಿ ಬಣ್ಣ, ತುಸು ಬಾಗಿದ ಮೈ, ಒಂದರ ಪಕ್ಕಕ್ಕೊಂದು ಅಂಟಿಕೊಂಡ ಸಾಲು. ಬೆಳೆಗಾರರು ಇವನ್ನು ಬಾಳೆಹಣ್ಣು ಎಂದೇ ಕರೆಯುತ್ತಾರೆ. ಎಸಳು ಬಿರಿಯುವ ಹಂತವೇ ಇಲ್ಲದ್ದರಿಂದ, ಕಣ್ಣಿಗೆ ಬೀಳುವ ಹೊತ್ತಿಗೆ ಇವು ಪರಾಗ ಚೆಲ್ಲಲು ಶುರು ಮಾಡಿರಬಹುದು.

ವಿಜ್ಞಾನಿಗಳನ್ನು ದಾರಿ ತಪ್ಪಿಸಿದ ಗಿಡ

ಸಸ್ಯಗಳಿಗೂ ಲಿಂಗವಿದೆ ಎಂಬುದನ್ನು ಪ್ರಯೋಗಗಳಿಂದ ತೋರಿಸಿದವನು ಜರ್ಮನಿಯ ಟ್ಯೂಬಿಂಗನ್‌ನ ಪ್ರಾಧ್ಯಾಪಕ ರುಡಾಲ್ಫ್ ಕೆಮರೇರಿಯಸ್. 1694ರ ಅವನ ಪತ್ರಲೇಖನ ಸಸ್ಯವಿಜ್ಞಾನದ ಮೈಲಿಗಲ್ಲುಗಳಲ್ಲಿ ಒಂದು. ಹರಳು ಗಿಡದ ಕೇಸರಗಳನ್ನು ಕಿತ್ತಾಗ ಬೀಜ ಕಟ್ಟಲಿಲ್ಲ, ಮೆಕ್ಕೆಜೋಳವೂ ಅವನ ವಾದವನ್ನು ಬೆಂಬಲಿಸಿತು. ಗಾಂಜಾ ಮಾತ್ರ ಕೈಕೊಟ್ಟಿತು. ಗಂಡು ಗಿಡಗಳಿಂದ ದೂರವಿಟ್ಟು ಬೆಳೆಸಿದ ಹೆಣ್ಣು ಗಿಡಗಳೂ ಬೀಜ ಬಿಟ್ಟವು. ತನ್ನ ವಾದಕ್ಕೆ ಒಡ್ಡಿದ ಈ ಅಡ್ಡಿಯನ್ನು ಅವನು ಮುಚ್ಚಿಡದೆ ಬರೆದಿಟ್ಟ. ಆ ಪ್ರಾಮಾಣಿಕತೆಗೆ ಅವನನ್ನು ನೆನೆಯಲೇಬೇಕು. ಸುಮಾರು ನೂರು ವರ್ಷಗಳ ನಂತರ ಇಟಲಿಯ ಲಾಜರೋ ಸ್ಪಲಾನ್‌ಜಾನಿಗೂ ಗಾಂಜಾದಲ್ಲಿ ಇದೇ ಅನುಭವವಾಯಿತು, ಅವನಂತೂ ಪರಾಗವಿಲ್ಲದೆಯೂ ಬೀಜವಾಗುತ್ತದೆ ಎಂಬ ತೀರ್ಮಾನಕ್ಕೇ ಬಂದ. ಹೆಣ್ಣು ಗಿಡದ ಎಲ್ಲೋ ಸಂದಿಯಲ್ಲಿ ಅಡಗಿದ್ದ ಕೆಲವೇ ಗಂಡು ಹೂಗಳು ಇಂಥ ಫಲಿತಾಂಶಕ್ಕೆ ಸಾಕು ಎಂದು ಮುಂದಿನವರು ವಿವರಿಸಿದರು.

ಪುಸ್ತಕ ಓದದ ಪರಿಣತರು ಬಂಗಾಳದಲ್ಲಿದ್ದರು. ಇಂದಿನ ಬಾಂಗ್ಲಾದೇಶದ ನವಗಾಂವ್ ಬ್ರಿಟಿಷರ ಕಾಲದಲ್ಲಿ ಸರ್ಕಾರದ ಪರವಾನಗಿಯ ಗಾಂಜಾ ಬೆಳೆಯುವ ಪ್ರದೇಶ. ಅಲ್ಲಿ ಹೊಲದಿಂದ ಹೊಲಕ್ಕೆ ಹೋಗಿ, ಹೂ ಬಿಡುವ ಮೊದಲೇ ಗಂಡು ಗಿಡಗಳನ್ನು ಪತ್ತೆಹಚ್ಚಿ ಕಡಿದುಹಾಕುವ ಕಸುಬಿನವರನ್ನು ಪೊದ್ದಾರ್ ಎನ್ನುತ್ತಿದ್ದರು. ಇಂಗ್ಲಿಷ್ ದಾಖಲೆಗಳಲ್ಲಿ ಅವರು ಗಾಂಜಾ ಡಾಕ್ಟರ್‌ಗಳು. 1893–94ರ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗದ ವರದಿಯಲ್ಲಿ ಇವರ ಕೆಲಸದ ವಿವರವಿದೆ. ಒಂದು ಸಲಕ್ಕೆ ಮುಗಿಯುವ ಕೆಲಸ ಅದಾಗಿರಲಿಲ್ಲ. ಒಂದು ಗಂಡು ಗಿಡ ಕಣ್ತಪ್ಪಿದರೂ ಸುತ್ತಲಿನ ಬೆಳೆಯೆಲ್ಲ ಬೀಜ ಕಟ್ಟುತ್ತಿತ್ತು.

ಏಕೆ ಹೀಗಾಗುತ್ತದೆ

ಅಮೆರಿಕದ ಒಹಾಯೋ ರಾಜ್ಯದ ಜಾನ್ ಶಾಫ್ನರ್ 1920ರ ದಶಕದಲ್ಲಿ ಚಳಿಗಾಲದ ಹಸಿರುಮನೆಯಲ್ಲಿ ಗಾಂಜಾ ಬೆಳೆಸಿ ನೋಡಿದರು. ಹಗಲು ಕಿರಿದಾಗಿ ಬೆಳಕು ಮಂಕಾಗಿದ್ದ ಆ ತಿಂಗಳುಗಳಲ್ಲಿ ಹೆಣ್ಣು ಗಿಡಗಳು ಗಂಡು ಹೂ ಬಿಟ್ಟವು, ಗಂಡು ಗಿಡಗಳು ಹೆಣ್ಣು ಹೂ ಬಿಟ್ಟವು. ಬೇಸಿಗೆಯ ಹೊಲದಲ್ಲಿ ಹೀಗಾಗುವುದು ಅಪರೂಪ. ಲಿಂಗ ಪರಿಸರಕ್ಕೂ ಮಣಿಯುತ್ತದೆ ಎಂಬುದು ಅಲ್ಲಿಗೆ ನಿಚ್ಚಳವಾಯಿತು. ಗಿಡದ ಒಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆ ಉಳಿದಿತ್ತು.

ಅದಕ್ಕೆ ಉತ್ತರದ ದೊಡ್ಡ ಪಾಲು ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಿಂದ, ಅದೂ ಕನ್ನಡಿಗರೊಬ್ಬರ ಪ್ರಯೋಗಾಲಯದಿಂದ ಬಂತು. ಹೊಳೆನರಸೀಪುರ ಮೂಲದ ಮನೆತನದ ಎಚ್.ವೈ. ಮೋಹನ್ ರಾಮ್ ಪತ್ರಕರ್ತ ಎಚ್.ವೈ. ಶಾರದಾಪ್ರಸಾದರ ತಮ್ಮ. ಅಣ್ಣನ ಹೆಸರು ಕನ್ನಡ ಓದುಗರಿಗೆ ಗೊತ್ತಿರುವಷ್ಟು ತಮ್ಮನದು ಗೊತ್ತಿಲ್ಲದಿರುವುದು ಬೇಸರದ ಸಂಗತಿ. ಮೋಹನ್ ರಾಮ್ ಮತ್ತು ವಿ.ಎಸ್. ಜೈಸ್ವಾಲ್ 1970ರಲ್ಲಿ, ಎಥಿಲೀನ್ ಎಂಬ ಸಸ್ಯ ಹಾರ್ಮೋನನ್ನು ಬಿಡುಗಡೆ ಮಾಡುವ ರಾಸಾಯನಿಕವನ್ನು ಗಂಡು ಗಿಡಕ್ಕೆ ಕೊಟ್ಟರೆ ಹೆಣ್ಣು ಹೂ ಬರುತ್ತದೆಂದು ತೋರಿಸಿದರು. 1972ರಲ್ಲಿ ಅದರ ಮಗ್ಗುಲು ಬದಲಾಯಿಸಿ, ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನ್ ಕೊಟ್ಟ ಹೆಣ್ಣು ಗಿಡಗಳಲ್ಲಿ ಗಂಡು ಹೂ ಬರಿಸಿದರು. ಅಬ್ಸಿಸಿಕ್ ಆಮ್ಲ ಅದನ್ನು ತಡೆಯುತ್ತದೆಂಬುದನ್ನೂ ಕಂಡುಕೊಂಡರು.

ಮೋಹನ್ ರಾಮ್ ಮತ್ತು ಸೇಟ್ ಜೋಡಿಯ 1982ರ ಲೇಖನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೆಳ್ಳಿಯ ಅಯಾನು ಎಥಿಲೀನಿನ ಕೆಲಸವನ್ನು ತಡೆಯುತ್ತದೆ. ಅವರು ಹೆಣ್ಣು ಗಿಡದ ತುದಿಕುಡಿಗೆ ಸಿಲ್ವರ್ ನೈಟ್ರೇಟನ್ನೂ ಸಿಲ್ವರ್ ಥಯೋಸಲ್ಫೇಟನ್ನೂ ಹಚ್ಚಿದರು. ಗಿಡವೊಂದಕ್ಕೆ 10 ಮೈಕ್ರೋಗ್ರಾಂ ಸಿಲ್ವರ್ ನೈಟ್ರೇಟ್ ಏನೂ ಮಾಡಲಿಲ್ಲ, 150 ಮೈಕ್ರೋಗ್ರಾಂ ಗಿಡಕ್ಕೆ ವಿಷವಾಯಿತು. ಅತಿ ಹೆಚ್ಚು ಗಂಡು ಹೂ ಬಂದದ್ದು 100 ಮೈಕ್ರೋಗ್ರಾಂ ಥಯೋಸಲ್ಫೇಟಿನಿಂದ. ಹೊಸದಾಗಿ ಚಿಗುರಿದ ಪಕ್ಕದ ಕೊಂಬೆಗಳಲ್ಲಿ ಅರೆಗಂಡು, ಮಿಶ್ರ, ಪೂರ್ಣ ಗಂಡು ಹೀಗೆ ಎಲ್ಲ ಹಂತದ ಹೂಗಳೂ ಬಂದವು. ಅವುಗಳ ಪರಾಗ ಮೊಳೆತು ಬೀಜವೂ ಕಟ್ಟಿತು. ತಂದೆ ತಾಯಿ ಎರಡೂ ಎಕ್ಸ್‌ಎಕ್ಸ್ ಆದ್ದರಿಂದ ಇಂಥ ಬೀಜದಿಂದ ಹೆಣ್ಣು ಸಸಿಗಳೇ ಹುಟ್ಟುತ್ತವೆ. ಜಗತ್ತಿನ ಮಾರುಕಟ್ಟೆಯಲ್ಲಿ ಇಂದು ಸಿಗುವ ಹೆಣ್ಣು ಗಿಡದ ಬೀಜಗಳ ಹಿಂದೆ ಇರುವುದು ಇದೇ ತತ್ವ.

ಇದೇ ಕಾಲದಲ್ಲಿ ಸೋವಿಯತ್ ಒಕ್ಕೂಟದ ಚೈಲಖ್ಯಾನ್ ಮತ್ತು ಖ್ರ್ಯಾನಿನ್ ಗಾಂಜಾ ಸಸಿಗಳ ಬೇರು ಕತ್ತರಿಸಿದರೆ ಗಂಡುಗಳು ಹೆಚ್ಚುತ್ತವೆ, ಬೇರು ಮರಳಿ ಬಂದರೆ ಅಥವಾ ಸೈಟೊಕೈನಿನ್ ಎಂಬ ಹಾರ್ಮೋನ್ ಕೊಟ್ಟರೆ ಹೆಣ್ಣುಗಳು ಹೆಚ್ಚುತ್ತವೆ ಎಂದು 1978ರಲ್ಲಿ ವರದಿ ಮಾಡಿದರು. ಒಟ್ಟಿನಲ್ಲಿ ಎಥಿಲೀನ್, ಸೈಟೊಕೈನಿನ್ ಹೆಣ್ಣಿನ ಕಡೆಗೆ, ಜಿಬ್ಬರೆಲಿನ್ ಗಂಡಿನ ಕಡೆಗೆ ಎಳೆಯುತ್ತವೆ. ಬೇರಿಗಾದ ಪೆಟ್ಟು, ಅತಿಯಾದ ಸೆಕೆ, ಕತ್ತಲೆಯ ಹೊತ್ತಿನಲ್ಲಿ ನುಸುಳುವ ಬೆಳಕು ಈ ಎಳೆದಾಟವನ್ನು ಕದಡುತ್ತವೆ. ಎಷ್ಟು ಕದಡಿದರೆ ಗಿಡ ಜಾರುತ್ತದೆ ಎಂಬುದು ತಳಿಯಿಂದ ತಳಿಗೆ ಬೇರೆ. ಎಷ್ಟೇ ಹಿಂಸೆ ಕೊಟ್ಟರೂ ಹೆಣ್ಣಾಗಿಯೇ ಉಳಿಯುವ ಗಿಡಗಳಿವೆ. ಏನೂ ತೊಂದರೆಯಿಲ್ಲದೆಯೂ ಗಂಡು ಹೂ ತೋರಿಸುವವೂ ಇವೆ.

ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಪುಂಜಾ ಮತ್ತು ಹೋಮ್ಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನ, ಒಳಾಂಗಣದಲ್ಲಿ ತಾನಾಗಿ ದ್ವಿಲಿಂಗಿಗಳಾದ ಗಿಡಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿತು. ಅವುಗಳ ಪರಾಗ ಮೊಳೆಯಬಲ್ಲದ್ದೇ ಆಗಿತ್ತು, ಆ ಗಿಡಗಳ ಬೀಜದಿಂದ ಹುಟ್ಟಿದ ಸಸಿಗಳು ಡಿಎನ್‌ಎ ಪರೀಕ್ಷೆಯಲ್ಲಿ ಹೆಣ್ಣೆಂದೇ ಗೊತ್ತಾದವು.

ಒಳಾಂಗಣದಲ್ಲಿ ನಿರ್ವಹಣೆ

ಗಾಂಜಾ ಕಿರುಹಗಲಿನ ಸಸ್ಯ. ಕೋಣೆಯಲ್ಲಿ ದಿನಕ್ಕೆ 18 ಗಂಟೆ ಬೆಳಕು ಕೊಡುವವರೆಗೆ ಎಲೆ, ಕೊಂಬೆ ಬೆಳೆಸಿಕೊಂಡಿರುತ್ತದೆ; 12 ಗಂಟೆ ಬೆಳಕು, 12 ಗಂಟೆ ಕತ್ತಲೆಗೆ ಬದಲಾಯಿಸಿದ ಮೇಲೆ ಹೂವಿಗೆ ತಿರುಗುತ್ತದೆ. ಈ ಕತ್ತಲೆ ನಿಜವಾದ ಕತ್ತಲೆಯಾಗಿರಬೇಕು. ಬಾಗಿಲ ಸಂದಿ, ಗಾಳಿ ಕೊಳವೆಯ ಬಾಯಿ, ಯಂತ್ರಗಳ ಮೇಲಿನ ಸಣ್ಣ ದೀಪ, ಕೆಟ್ಟುಹೋದ ಟೈಮರ್ ಇವೆಲ್ಲ ಬೆಳಕು ನುಸುಳುವ ದಾರಿಗಳು. ದೀಪ ಆರಿಸಿ ಕೋಣೆಯೊಳಗೆ ನಿಂತು, ಕಣ್ಣು ಕತ್ತಲೆಗೆ ಹೊಂದುವ ತನಕ ಕಾದು ಸುತ್ತ ನೋಡುವುದೇ ಇದಕ್ಕೆ ಅತ್ಯುತ್ತಮ ಪರೀಕ್ಷೆ. ಮುಂಗಡವಾಗಿ ಮಾಡಬಹುದಾದ ಕೆಲಸಗಳಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ.

ಹೂವಿನ ಅವಧಿ ಸಾಮಾನ್ಯವಾಗಿ 8ರಿಂದ 10 ವಾರ. ಮೊದಲ ವಾರಗಳಲ್ಲಿ ಗೆಣ್ಣುಗಳನ್ನು, ಆಮೇಲೆ ಗೊಂಚಲಿನ ಒಳಭಾಗವನ್ನು ನೋಡುತ್ತಿರಬೇಕು. ಕೆಳಗಿನ, ನೆರಳಿನ ಕೊಂಬೆಗಳನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು.

ಕಂಡ ಮೇಲೆ ಏನು ಮಾಡಬೇಕೆಂಬುದು ಯಾವಾಗ ಕಂಡಿತು, ಎಷ್ಟು ಕಂಡಿತು ಎಂಬುದರ ಮೇಲೆ ನಿಂತಿದೆ. ಮೂರನೆಯ, ನಾಲ್ಕನೆಯ ವಾರದಲ್ಲೇ ಗಿಡದ ತುಂಬ ಗಂಡು ಮೊಗ್ಗು ಕಾಣಿಸಿದರೆ ಆ ಗಿಡವನ್ನು ಉಳಿಸಿಕೊಳ್ಳುವ ಆಸೆ ಬಿಡುವುದು ಮೇಲು. ಮೊದಲು ಫ್ಯಾನ್ ನಿಲ್ಲಿಸಬೇಕು. ಗಿಡಕ್ಕೆ ನೀರು ಚಿಮುಕಿಸಬೇಕು, ಒದ್ದೆಯಾದ ಪರಾಗ ಬೇಗ ಸತ್ತ್ವ ಕಳೆದುಕೊಳ್ಳುತ್ತದೆ. ಆಮೇಲೆ ದೊಡ್ಡ ಚೀಲ ಮುಚ್ಚಿ, ಅಲುಗಿಸದೆ ಹೊರಗೆ ಒಯ್ಯಬೇಕು. ಹೊತ್ತವರು ಬಟ್ಟೆ ಬದಲಾಯಿಸದೆ ಮರಳಿ ಒಳಗೆ ಹೋಗಬಾರದು, ಪರಾಗ ಅಂಗಿಯ ಮೇಲೆಯೇ ಸವಾರಿ ಮಾಡುತ್ತದೆ. ಎಲ್ಲೋ ಒಂದೆರಡು ಪರಾಗಕೋಶ ಮಾತ್ರ ಕಂಡರೆ ಒದ್ದೆ ಮಾಡಿದ ಚಿಮಟದಿಂದ ಬುಡಸಮೇತ ಕಿತ್ತು, ಆ ಗಿಡವನ್ನು ಬೇರೆ ಕೋಣೆಗೆ ಹಾಕಿ, ದಿನವೂ ನೋಡುವುದುಂಟು. ಒಮ್ಮೆ ತೋರಿಸಿದ ಗಿಡ ಮತ್ತೆ ತೋರಿಸುತ್ತದೆ, ಆದ್ದರಿಂದ ಈ ದಾರಿಗೆ ಸಮಯವೂ ತಾಳ್ಮೆಯೂ ಬೇಕು. ಕೊಯ್ಲಿಗೆ ಒಂದೆರಡು ವಾರ ಉಳಿದಿರುವಾಗ ಕಾಣಿಸಿಕೊಂಡರೆ ಗಾಬರಿಯ ಕಾರಣವಿಲ್ಲ. ಬೀಜ ಬಲಿಯಲು ಸುಮಾರು 4ರಿಂದ 6 ವಾರ ಬೇಕು, ಅಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ. ಹದ ಮೀರಿದರೂ ಕೊಯ್ಯದೆ ಬಿಟ್ಟ ಗಿಡಗಳು ಕೊನೆಯಲ್ಲಿ ಹೀಗೆ ಮಾಡುವುದು ಹೆಚ್ಚು.

ತಾಯಿಗಿಡದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಸಲ್ಲದು. ಒಂದೇ ತಾಯಿಯಿಂದ ಕಡ್ಡಿ ತೆಗೆದು ಬೆಳೆಸಿದ ನೂರು ಗಿಡಗಳೂ ವಂಶಗುಣದಲ್ಲಿ ಒಂದೇ. ಅವುಗಳಲ್ಲಿ ಹಲವು ಬೇರೆ ಬೇರೆ ಮೂಲೆಗಳಲ್ಲಿ ಗಂಡು ಹೂ ತೋರಿದರೆ ಗೋಡೆಯ ಬಿರುಕು ಹುಡುಕುವುದಕ್ಕಿಂತ ತಾಯಿಯನ್ನು ಬದಲಿಸುವುದು ಸರಿ. ಒಂದು ಮೂಲೆಯ ಗಿಡಗಳು ಮಾತ್ರ ಹಾಗಾಗಿದ್ದರೆ ಆ ಮೂಲೆಯ ಬೆಳಕು, ಸೆಕೆಯನ್ನು ನೋಡಬೇಕು. ತಾನಾಗಿ ಜಾರಿದ ಗಿಡದ ಬೀಜ ಬಿತ್ತಿದರೆ ಹೆಣ್ಣು ಸಸಿಗಳೇ ಬರುತ್ತವೆ ಎಂಬುದು ನಿಜ, ಆದರೆ ಜಾರುವ ಗುಣವೂ ಜೊತೆಗೇ ಬರುತ್ತದೆ. ಬೀಜೋತ್ಪಾದಕರು ಬೆಳ್ಳಿಯ ದ್ರಾವಣಕ್ಕೆ ಗಟ್ಟಿ ಹೆಣ್ಣು ಗಿಡವನ್ನೇ ಆರಿಸುವುದು ಈ ಕಾರಣಕ್ಕೆ. ಬೆಳ್ಳಿ ತಾಕಿದ ಗಿಡದ ಹೂವನ್ನು ಯಾವ ಬಳಕೆಗೂ ತೆಗೆದುಕೊಳ್ಳುವಂತಿಲ್ಲ.

ನಾರಿನ ಬೆಳೆಯಲ್ಲಿ

ನಾರಿಗಾಗಿ ಬೆಳೆಯುವ ಗಾಂಜಾದಲ್ಲಿ ಲೆಕ್ಕಾಚಾರ ತಿರುವುಮುರುವು. ಗಂಡು ಗಿಡ ಪರಾಗ ಚೆಲ್ಲಿದ ಕೂಡಲೇ ಒಣಗುತ್ತದೆ, ಹೆಣ್ಣು ಗಿಡ ಬೀಜ ಬಲಿಯುವವರೆಗೆ ಹಸಿರಾಗಿರುತ್ತದೆ. ಹಿಂದೆ ಯುರೋಪಿನ ರೈತರು ಗಂಡು ಗಿಡಗಳನ್ನು ಮೊದಲೇ ಕೈಯಿಂದ ಕಿತ್ತು ನಯವಾದ ನಾರು ತೆಗೆಯುತ್ತಿದ್ದರು, ಹೆಣ್ಣನ್ನು ವಾರಗಳ ನಂತರ ಕೀಳುತ್ತಿದ್ದರು. ಯಂತ್ರದ ಕೊಯ್ಲಿಗೆ ಇದು ಒಗ್ಗುವುದಿಲ್ಲ. ಎರಡೂ ಹೂ ಒಂದೇ ಗಿಡದಲ್ಲಿದ್ದರೆ ಹೊಲವೆಲ್ಲ ಒಮ್ಮೆಗೇ ಹದಕ್ಕೆ ಬರುತ್ತದೆ, ನಾರೂ ಬೀಜವೂ ಒಂದೇ ಕೊಯ್ಲಿನಲ್ಲಿ ಸಿಗುತ್ತವೆ. ಜರ್ಮನಿಯಲ್ಲಿ ರೂಪುಗೊಂಡ ಫಿಬ್ರಿಮಾನ್, ಫ್ರಾನ್ಸಿನ ಫೆಡೋರಾ 17, ಫೆಲಿನಾ 32, ಫ್ಯೂಚುರಾ 75, ಉಕ್ರೇನಿನ ಯುಎಸ್‌ಒ 31 ಇಂಥ ತಳಿಗಳು. ಇವುಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿ ಒಂದೇ ಗಿಡದ ಮೇಲಿರುತ್ತವೆ. ಟಿಎಚ್‌ಸಿ ಅಂಶ ಅತ್ಯಲ್ಪ. ಈ ಗುಣ ತಾನಾಗಿ ಸ್ಥಿರವಾಗಿ ನಿಲ್ಲುವುದಿಲ್ಲ. ನಿಗಾ ತಪ್ಪಿದರೆ ಕೆಲವೇ ತಲೆಮಾರುಗಳಲ್ಲಿ ಬೆಳೆ ಮತ್ತೆ ಗಂಡು, ಹೆಣ್ಣು ಎಂದು ಬೇರ್ಪಡುತ್ತದೆ. ಹಾಗಾಗಿ ಬೀಜದ ತಾಕುಗಳಲ್ಲಿ ಪ್ರತಿ ಹಂಗಾಮಿನಲ್ಲೂ ಪರಾಗ ಚೆಲ್ಲುವ ಮೊದಲೇ ಸಾಲುಸಾಲಾಗಿ ನಡೆದು, ಅಪ್ಪಟ ಗಂಡು ಗಿಡಗಳನ್ನು ಕಿತ್ತುಹಾಕುತ್ತಾರೆ.