ಪಕ್ಕದ ಮೇಜಿನ ಕಂಪ್ಯೂಟರ್ ಎಲ್ಲಿ ಹೋಯಿತು?

ನಾಲ್ಕೈದು ಕಂಪ್ಯೂಟರುಗಳಿರುವ ಯಾವುದಾದರೂ ಸಣ್ಣ ಕಚೇರಿಯನ್ನು ನೆನಪಿಸಿಕೊಳ್ಳಿ. ಆಡಿಟರ್ ಆಫೀಸು, ಡಿಟಿಪಿ ಸೆಂಟರು, ವಕೀಲರ ಕಚೇರಿ, ಯಾವುದಾದರೂ ಸರಿ. ಎಲ್ಲರಿಗೂ ಬೇಕಾದ ಫೋಲ್ಡರ್ ಒಂದು ಕಂಪ್ಯೂಟರಿನಲ್ಲಿ ಇರುತ್ತದೆ, ಉಳಿದವರು ಅದನ್ನು ತಮ್ಮ ತಮ್ಮ ಮೇಜಿನಿಂದಲೇ ತೆರೆದು ಕೆಲಸ ಮಾಡುತ್ತಾರೆ. ವರ್ಷಗಟ್ಟಲೆ ನಡೆದುಬಂದ ಈ ಏರ್ಪಾಡು ಒಂದು ಬೆಳಿಗ್ಗೆ ನಿಂತುಹೋಗುತ್ತದೆ. ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿದೆ. ಕೇಬಲ್ ಸರಿಯಿದೆ, ಇಂಟರ್ನೆಟ್ ಬರುತ್ತಿದೆ, ಆದರೆ ‘ನೆಟ್‌ವರ್ಕ್’ ಒತ್ತಿದರೆ ಪಕ್ಕದ ಮೇಜಿನ ಕಂಪ್ಯೂಟರೇ ಕಾಣುವುದಿಲ್ಲ. ರಿಪೇರಿಗೆ ಬಂದ ಹುಡುಗ ಎಲ್ಲೋ ಒಂದು ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ, ‘ಆಯ್ತು ಸಾರ್’ ಎಂದು ಹೊರಡುತ್ತಾನೆ. ಆ ಟಿಕ್ಕಿನ ಹಿಂದೆ ನಲವತ್ತು ವರ್ಷಗಳ ಚರಿತ್ರೆಯಿದೆ. ಅದು ಗೊತ್ತಿಲ್ಲದೆ ಹಾಕಿದ ಟಿಕ್ಕು ಕಚೇರಿಯ ಅಷ್ಟೂ ಕಡತಗಳನ್ನು ಅಪಾಯಕ್ಕೆ ಒಡ್ಡಬಲ್ಲದು.

ಕಥೆ ಶುರುವಾಗುವುದು 1983ರ ಸುಮಾರಿಗೆ. ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯಲು ಹೊರಟಿತ್ತು. ಅಂದಿನ ಡಾಸ್‌ಗೆ ಗೊತ್ತಿದ್ದದ್ದು ತನ್ನದೇ ಡಿಸ್ಕಿನಲ್ಲಿರುವ ಫೈಲುಗಳು ಮಾತ್ರ. ಬ್ಯಾರಿ ಫೈಗೆನ್‌ಬಾಮ್ ಎಂಬ ಎಂಜಿನಿಯರ್, ‘ಈ ಫೈಲು ತೆರೆ’ ಎಂಬ ಡಾಸ್‌ನ ಕೋರಿಕೆಯನ್ನು ನಡುದಾರಿಯಲ್ಲೇ ಹಿಡಿದು ತಂತಿಯ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುವ ವಿಧಾನ ರೂಪಿಸಿದರು. ಮುಂದೆ ಎಸ್‌ಎಂಬಿ ಎಂದು ಹೆಸರಾದ ಭಾಷೆಯ ಬೀಜ ಇದು. ಯಂತ್ರಗಳು ಪರಸ್ಪರ ಗುರುತಿಸಿಕೊಳ್ಳಲು ಸೈಟೆಕ್ ಎಂಬ ಕಂಪನಿ ಐಬಿಎಂಗಾಗಿ ನೆಟ್‌ಬಯಾಸ್ ಎಂಬ ವ್ಯವಸ್ಥೆಯನ್ನು ಮಾಡಿಕೊಟ್ಟಿತು.

ನೆಟ್‌ಬಯಾಸ್‌ನ ರೀತಿ ನಮ್ಮ ವಠಾರಗಳದ್ದೇ ರೀತಿ. ಹೊಸದಾಗಿ ಬಂದ ಕಂಪ್ಯೂಟರ್ ಅಂಗಳದಲ್ಲಿ ನಿಂತು ‘ಈ ಹೆಸರು ನನ್ನದು, ಯಾರದಾದರೂ ತಕರಾರಿದೆಯೇ?’ ಎಂದು ಕೂಗುತ್ತದೆ. ಯಾರೂ ತುಟಿ ಬಿಚ್ಚದಿದ್ದರೆ ಹೆಸರು ಅದರದ್ದಾಯಿತು. ಹೆಸರಿಗೆ ಹದಿನೈದೇ ಅಕ್ಷರಗಳ ಮಿತಿ. 1992ರಲ್ಲಿ ಮೈಕ್ರೋಸಾಫ್ಟಿನ ‘ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್’ ಬಂದಮೇಲೆ ಸಣ್ಣ ಕಚೇರಿಗಳಲ್ಲಿ ಫೈಲು ಹಂಚಿಕೊಳ್ಳುವುದು ಸಾಮಾನ್ಯ ಸಂಗತಿಯಾಯಿತು. ಯಾರು ಯಾರು ಇದ್ದಾರೆ ಎಂಬ ಪಟ್ಟಿ ಇಡಲು ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಚುನಾವಣೆ ನಡೆಸಿ ಒಬ್ಬ ಯಜಮಾನನನ್ನು ಆರಿಸುತ್ತಿದ್ದವು. ಪ್ರತಿಯೊಂದೂ ಹನ್ನೆರಡು ನಿಮಿಷಕ್ಕೊಮ್ಮೆ ‘ಇದ್ದೇನೆ’ ಎಂದು ಹೇಳಬೇಕು, ಮೂರು ಸಲ ಹೇಳದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತಿತ್ತು. ಆರಿಸಿಟ್ಟ ಕಂಪ್ಯೂಟರ್ ಅರ್ಧ ಗಂಟೆ ಪರದೆಯ ಮೇಲೆ ಕಾಣುತ್ತಲೇ ಇರುತ್ತಿದ್ದದ್ದು ಇದರಿಂದಲೇ. ಈ ಇಡೀ ಏರ್ಪಾಡು ಒಂದು ನಂಬಿಕೆಯ ಮೇಲೆ ನಿಂತಿತ್ತು: ವಠಾರದೊಳಗೆ ಇರುವವರೆಲ್ಲ ನಮ್ಮವರೇ.

ಇದೇ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬ ಪಿಎಚ್‌ಡಿ ವಿದ್ಯಾರ್ಥಿಯಿದ್ದರು. ಪಿಎಚ್‌ಡಿ ಮಾಡುವವರಿಗೆ ಪ್ರಬಂಧ ಬರೆಯುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸದಲ್ಲೂ ಉತ್ಸಾಹ ಉಕ್ಕುತ್ತದೆ ಎಂಬುದು ನಮ್ಮ ಹಾಸ್ಟೆಲಿನ ಅನುಭವ. 1991ರ ಕೊನೆಯಲ್ಲಿ ಟ್ರಿಜೆಲ್ ಕೈಹಾಕಿದ್ದೂ ಅಂಥದೇ ಕೆಲಸಕ್ಕೆ. ತಮ್ಮ ಡಾಸ್ ಕಂಪ್ಯೂಟರು ವಿಭಾಗದ ಯೂನಿಕ್ಸ್ ಯಂತ್ರದ ಡಿಸ್ಕನ್ನು ತನ್ನದೆಂಬಂತೆ ಬಳಸಬೇಕು ಎಂಬುದು ಅವರ ಆಸೆ. ಡಿಜಿಟಲ್ ಕಂಪನಿಯ ತಂತ್ರಾಂಶವೊಂದು ಆ ಕೆಲಸ ಮಾಡುತ್ತಿತ್ತು, ಆದರೆ ಅದು ಆಡುವ ಭಾಷೆಯ ವ್ಯಾಕರಣ ಅವರ ಕೈಯಲ್ಲಿರಲಿಲ್ಲ. ತಂತಿಯ ಮೇಲೆ ಹರಿಯುವ ಮಾತುಗಳನ್ನು ಕದ್ದು ಕೇಳುತ್ತ, ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆಂದು ಗಮನಿಸುತ್ತ, ಅದೇ ಉತ್ತರ ಕೊಡುವ ಪ್ರೋಗ್ರಾಮನ್ನು ಅವರು ಬರೆದರು. ಭಾಷೆ ಬಾರದ ಊರಿನ ಹೋಟೆಲಿನಲ್ಲಿ ಕೂತು, ಗಿರಾಕಿ ಏನು ಹೇಳಿದರೆ ಮಾಣಿ ಏನು ತರುತ್ತಾನೆಂದು ನೋಡಿ ಮಾತು ಕಲಿಯುವುದಕ್ಕೆ ಅವರು ಮುಂದೆ ಇದನ್ನು ಹೋಲಿಸಿದರು.

1992ರ ಜನವರಿಯಲ್ಲಿ ಪ್ರೋಗ್ರಾಮನ್ನು ಎಲ್ಲರಿಗೂ ಬಿಟ್ಟುಕೊಟ್ಟು ಅವರು ತಮ್ಮ ಪಾಡಿಗೆ ಹೋದರು. ಎರಡು ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ಹೆಂಡತಿಯ ವಿಂಡೋಸ್ ಕಂಪ್ಯೂಟರನ್ನು ತಮ್ಮ ಲಿನಕ್ಸಿಗೆ ಜೋಡಿಸುವ ಪ್ರಸಂಗ ಬಂದಾಗ, ತಾವು ಕಲಿತದ್ದು ಜಗತ್ತಿನ ಬಹುಪಾಲು ಕಚೇರಿಗಳು ಆಡುವ ಭಾಷೆಯೇ ಎಂದು ತಿಳಿಯಿತು. ಆಗ ಇಟ್ಟ ಹೆಸರು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ, ಕಂಪ್ಯೂಟರಿನ ಪದಪಟ್ಟಿಯಲ್ಲಿ ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದಗಳನ್ನು ಹುಡುಕಿದರು. ಸಿಕ್ಕ ಕೆಲವೇ ಪದಗಳಲ್ಲಿ ‘ಸಾಂಬಾ’ ಒಂದು. ಸರ್ವರಿಗಾಗಿ ದುಬಾರಿ ಲೈಸೆನ್ಸ್ ಕೊಳ್ಳಲಾಗದ ಎಷ್ಟೋ ಶಾಲೆ, ಕಚೇರಿಗಳಿಗೆ ಇದು ಆಸರೆಯಾಯಿತು.

ಆದರೆ ಭಾಷೆಯ ಒಡೆಯ ಮೈಕ್ರೋಸಾಫ್ಟೇ ಆಗಿತ್ತು. ವ್ಯಾಕರಣವನ್ನು ಮುಚ್ಚಿಟ್ಟು ಸ್ಪರ್ಧಿಗಳನ್ನು ಹೊರಗಿಡುತ್ತಿದೆ ಎಂಬ ಕಾರಣವೂ ಸೇರಿ ಯುರೋಪಿಯನ್ ಕಮಿಷನ್ 2004ರಲ್ಲಿ ಕಂಪನಿಗೆ 49.7 ಕೋಟಿ ಯೂರೋ ದಂಡ ವಿಧಿಸಿತು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ 10,000 ಯೂರೋ ಶುಲ್ಕದ ಒಪ್ಪಂದದಡಿ ದಾಖಲೆಗಳು ಸಾಂಬಾ ತಂಡದ ಕೈಸೇರಿದವು. ಹೋಟೆಲಿನಲ್ಲಿ ಕೂತು ಕಲಿತ ಭಾಷೆಗೆ ಹದಿನೈದು ವರ್ಷಗಳ ನಂತರ ವ್ಯಾಕರಣದ ಪುಸ್ತಕ ಸಿಕ್ಕಿತು.

ಅಷ್ಟರಲ್ಲಿ ಮೂಲ ಭಾಷೆ ಮುದಿಯಾಗಿತ್ತು. ನೂರಕ್ಕೂ ಹೆಚ್ಚು ಆಜ್ಞೆಗಳ ಎಸ್‌ಎಂಬಿ1 ಬದಲಿಗೆ, ವಿಸ್ತಾ ಜೊತೆ ಹತ್ತೊಂಬತ್ತೇ ಆಜ್ಞೆಗಳ ಎಸ್‌ಎಂಬಿ2 ಬಂತು. ಹಳೆಯ ಯಂತ್ರಗಳಿಗಾಗಿ ಎಸ್‌ಎಂಬಿ1 ಕೂಡ ಉಳಿದುಕೊಂಡಿತು. ಅದರಲ್ಲಿದ್ದ ಒಂದು ಬಿರುಕನ್ನು ಅಮೆರಿಕದ ಗೂಢಚರ ಸಂಸ್ಥೆ ಎನ್‌ಎಸ್‌ಎ ಗುಟ್ಟಾಗಿ ಬಳಸಿಕೊಳ್ಳುತ್ತಿತ್ತು. 2017ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಹಾಕಿತು, ಏಪ್ರಿಲಿನಲ್ಲಿ ಎನ್‌ಎಸ್‌ಎಯ ಸಾಧನ ಬಹಿರಂಗವಾಯಿತು, ಮೇ 12ರಂದು ‘ವನ್ನಾಕ್ರೈ’ ಹರಡಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಚಿಕಿತ್ಸೆ ರದ್ದಾದವು. ನಮ್ಮ ನೆರೆಯ ಆಂಧ್ರದ ಪೊಲೀಸ್ ಇಲಾಖೆಯ ಕಂಪ್ಯೂಟರುಗಳಿಗೂ ಬಿಸಿ ತಟ್ಟಿತು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ತೇಪೆ ಹಾಕಿರದ ಒಂದು ಯಂತ್ರಕ್ಕೆ ತಗುಲಿದರೆ ಅಂಥ ಪಕ್ಕದ ಯಂತ್ರಕ್ಕೆ ತಾನಾಗಿ ದಾಟುತ್ತಿತ್ತು.

ಆ ವರ್ಷದ ಅಕ್ಟೋಬರಿನಿಂದ ವಿಂಡೋಸ್ 10 ಎಸ್‌ಎಂಬಿ1 ಅನ್ನು ಕಳಚತೊಡಗಿತು. ಹಳೆಯ ಹೆಸರಿನ ಪಟ್ಟಿ ಅದನ್ನೇ ಆಶ್ರಯಿಸಿದ್ದರಿಂದ ಪಟ್ಟಿಯೂ ಹೋಯಿತು. ಪಕ್ಕದ ಮೇಜಿನ ಕಂಪ್ಯೂಟರ್ ಮಾಯವಾದದ್ದು ಹೀಗೆ. ರಿಪೇರಿಯ ಹುಡುಗ ಟಿಕ್ ಹಾಕುವುದು ಹೆಚ್ಚಾಗಿ ಈ ಎಸ್‌ಎಂಬಿ1ಕ್ಕೇ. ಕಂಪ್ಯೂಟರ್ ಮತ್ತೆ ಕಾಣಬಹುದು, ಜೊತೆಗೆ ಹಳೆಯ ಬಾಗಿಲೂ ತೆರೆದಿರುತ್ತದೆ.

ಟಿಕ್ಕಿಗೆ ಮೊದಲು ಮಾಡಬಹುದಾದ ಕೆಲಸಗಳಿವೆ. ಪಟ್ಟಿಯಲ್ಲಿ ಕಾಣದಿದ್ದರೂ ವಿಳಾಸದ ಪಟ್ಟಿಯಲ್ಲಿ ಎರಡು ಹಿಂದೋರೆ ಗೆರೆ ಹಾಕಿ ಹೆಸರು ಬರೆದರೆ ಫೋಲ್ಡರ್ ತೆರೆಯುವುದುಂಟು. ತೆರೆದರೆ ಕೆಟ್ಟಿರುವುದು ಪಟ್ಟಿ ಮಾತ್ರ. ಹೆಸರಿಗೆ ತೆರೆಯದೆ ಐಪಿ ವಿಳಾಸಕ್ಕೆ ತೆರೆದರೆ ತೊಡಕಿರುವುದು ಹೆಸರಿನಲ್ಲಿ. ಎರಡಕ್ಕೂ ತೆರೆಯದಿದ್ದರೆ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದೆಯೋ ‘ಪ್ರೈವೇಟ್’ ಎಂದಿದೆಯೋ ನೋಡಬೇಕು. ಪಬ್ಲಿಕ್ ಎಂದಿದ್ದರೆ ಫೈರ್‌ವಾಲ್ ಕದ ಹಾಕಿಕೊಂಡಿರುತ್ತದೆ. ಪಟ್ಟಿಯಲ್ಲೂ ಕಾಣಬೇಕೆಂದರೆ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್’ ಎಂಬ ಸೇವೆ ಓಡುತ್ತಿರಬೇಕು. ಪಾಸ್‌ವರ್ಡಿಲ್ಲದೆ ಹಂಚಿಕೊಂಡಿದ್ದರೆ ಹೊಸ ವಿಂಡೋಸ್ 11 ಒಪ್ಪದಿರಬಹುದು. ಪ್ರತಿಯೊಬ್ಬರಿಗೂ ಹೆಸರು, ಪಾಸ್‌ವರ್ಡು ಮಾಡಿಕೊಡುವುದೇ ದಾರಿ.

ಎಸ್‌ಎಂಬಿ1 ಬಿಟ್ಟರೆ ಬೇರೇನೂ ಬಾರದ ಹಳೆಯ ಸ್ಕ್ಯಾನರು ಮೂಲೆಯಲ್ಲಿದ್ದರೆ ಮಾತ್ರ ಕಷ್ಟ. ದೊಡ್ಡ ಕಂಪನಿ ಅದನ್ನು ಎಸೆದು ಹೊಸದು ತರಿಸುತ್ತದೆ. ನಾಲ್ಕು ಜನರ ಕಚೇರಿಗೆ ಅದು ಒಂದು ತಿಂಗಳ ಬಾಡಿಗೆಯ ಪ್ರಶ್ನೆ. ಅಂಥಲ್ಲಿ ಸ್ಕ್ಯಾನ್ ಮಾಡಿದ್ದನ್ನು ಪೆನ್‌ಡ್ರೈವಿಗೋ ಈಮೇಲಿಗೋ ಕಳಿಸಿಕೊಂಡು, ಇನ್ನೂ ಕೆಲವು ವರ್ಷ ಆ ಯಂತ್ರದ ಜೊತೆ ಬಾಳಬಹುದು. ತುಸು ಓಡಾಟ ಹೆಚ್ಚುತ್ತದೆ, ಟಿಕ್ ಹಾಕುವ ಅಗತ್ಯ ಬೀಳುವುದಿಲ್ಲ.